ಕಾಂತಾರವೋ, ಗರುಡ ಗಮನವೋ?

ಎರಡೂ ಕರಾವಳಿಯ ಕಥೆ. ಎರಡರಲ್ಲೂ ರಿಷಬ್ ಶೆಟ್ಟಿ ಇದ್ದಾರೆ. ರಾತ್ರಿ ಒಂದೇ ಸಿನಿಮಾ ನೋಡಲು ಟೈಮ್ ಇದ್ದರೆ ಯಾವುದು ನೋಡಬೇಕು?

ಮನೆಮಂದಿಯೆಲ್ಲ ಕೂತು ನೋಡುವುದಾದರೆ 2022ರ 'ಕಾಂತಾರ'. ಕಂಬಳ, ಕಾಡು, ಜಮೀನಿನ ಜಗಳ, ನಗು, ಹಾಡು ಎಲ್ಲ ಇದೆ. ನಡುವೆ ಸ್ವಲ್ಪ ಎಳೆದಂತೆ ಅನಿಸುತ್ತದೆ. ನಾಯಕ ಶಿವ (ರಿಷಬ್) ನಾಯಕಿ ಲೀಲಾಳನ್ನು ಕಾಡಿಸುವ ದೃಶ್ಯಗಳು ನನಗೆ ಹಿಡಿಸಲಿಲ್ಲ. ಆದರೆ ಕೊನೆಯ ಭಾಗದಲ್ಲಿ ಗುಳಿಗ ದೈವ ಶಿವನ ಮೈಮೇಲೆ ಬಂದಾಗಿನ ಆ ಕೂಗಿಗೆ ಮೈ ಜುಂ ಅನ್ನುತ್ತದೆ. ರಿಷಬ್‌ಗೆ ರಾಷ್ಟ್ರ ಪ್ರಶಸ್ತಿ ಬಂದಿದ್ದು ಸುಮ್ನೆ ಅಲ್ಲ. ಸೌಂಡ್ ಜೋರಾಗಿಟ್ಟು ನೋಡಿ, ಮೊಬೈಲ್‌ನಲ್ಲಿ ಬೇಡ.

2021ರ 'ಗರುಡ ಗಮನ ವೃಷಭ ವಾಹನ' ಬೇರೆಯೇ ಜಾತಿ. ಮಂಗಳೂರಿನ ಮಂಗಳಾದೇವಿ ಸುತ್ತಲಿನ ಇಬ್ಬರು ಗೆಳೆಯರು, ಹರಿ ಮತ್ತು ಶಿವ. ಇಲ್ಲಿ ಹರಿ ರಿಷಬ್. ಶಿವನ ಪಾತ್ರ ಮಾಡಿ, ನಿರ್ದೇಶನವನ್ನೂ ಮಾಡಿದವರು ರಾಜ್ ಬಿ. ಶೆಟ್ಟಿ. ಕೊಲೆ ಮಾಡಿದ ಶಿವ ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕುತ್ತಾನೆ. ಹಿನ್ನೆಲೆಯಲ್ಲಿ 'ಸೋಜುಗಾದ ಸೂಜಿ ಮಲ್ಲಿಗೆ', ಮಾದಪ್ಪನ ಪದ. ಭಕ್ತಿಯ ಹಾಡು ಅಲ್ವಾ ಅದು? ಕೇಳುತ್ತಾ ಹೊಟ್ಟೆಯೊಳಗೆ ಭಯ ಹುಟ್ಟುತ್ತದೆ. ರಕ್ತ ಜಾಸ್ತಿ, ಮಕ್ಕಳ ಜೊತೆ ನೋಡಬೇಡಿ. ಗೋಪಾಲಕೃಷ್ಣ ದೇಶಪಾಂಡೆಯವರ ಪೊಲೀಸ್ ಪಾತ್ರವನ್ನು ಮಾತ್ರ ಕಣ್ಣಿಟ್ಟು ಗಮನಿಸಿ. ಆ ದಣಿದ, ಹೆದರಿದ ಮುಖವೇ ಅರ್ಧ ಕಥೆ ಹೇಳುತ್ತದೆ.

ನನ್ನ ಮತ ಗರುಡ ಗಮನಕ್ಕೆ. ಕಾಂತಾರದಲ್ಲಿ ಕೊನೆಯ ಭಾಗ ಇಡೀ ಸಿನಿಮಾವನ್ನು ಎತ್ತುತ್ತದೆ. ಇಲ್ಲಿ ಮೊದಲಿಂದ ಕೊನೆವರೆಗೂ ಬಿಗಿ ಸಡಿಲವಾಗುವುದಿಲ್ಲ.