ಮೂರು ವರ್ಷ, ಮೂರು ತಪಾಸಣೆ, ಒಂದು ಪೊಟ್ಯಾಸಿಯಂ

ನಲವತ್ತೈದು ದಾಟಿದ ಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಲೇಬೇಕು ಎಂದು ಹೆಂಡತಿ ಪಟ್ಟು ಹಿಡಿದಳು. ಮೂರು ವರ್ಷದಲ್ಲಿ ಮೂರು ದಾರಿ ನೋಡಿದೆ: ದೊಡ್ಡ ಆಸ್ಪತ್ರೆಯ ಪ್ಯಾಕೇಜ್, ಮನೆಗೇ ಬಂದು ರಕ್ತ ತೆಗೆಯುವ ಆ್ಯಪ್, ನಮ್ಮ ಬೀದಿಯ ಡಾಕ್ಟರು. ನಾನು ಡಾಕ್ಟರ ಪಕ್ಷ, ಮೊದಲೇ ಹೇಳಿಬಿಡುತ್ತೇನೆ.

ಆಸ್ಪತ್ರೆಗೆ ಕೊಟ್ಟದ್ದು 4,500 ರೂಪಾಯಿ. ಸ್ಕ್ಯಾನಿಂಗಿಗಾಗಿ ನೀರು ಕುಡಿಸಿ, ಮೂತ್ರ ತಡೆದುಕೊಂಡು ಮುಕ್ಕಾಲು ಗಂಟೆ ಕೂರಿಸಿದರು. ತಿಂಡಿಯ ಕೂಪನ್ನಿಗೆ ಎರಡು ಇಡ್ಲಿ, ಒಂದು ಕೇಸರಿಬಾತ್. ತಿಂದ ಎರಡು ಗಂಟೆಗೆ ಸಕ್ಕರೆ ಪರೀಕ್ಷೆ! ಕೊನೆಯಲ್ಲಿ ಸಿಕ್ಕ ವೈದ್ಯರು ಪರದೆಯನ್ನೇ ನೋಡುತ್ತ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ) 5.8 ಇದೆ, ಸಕ್ಕರೆ ಕಾಯಿಲೆಯ ಹೊಸ್ತಿಲು ಎಂದು ಹೇಳಿ, ಓಟ್ಸ್, ಆಲಿವ್ ಎಣ್ಣೆಯ ಪಟ್ಟಿ ಕೈಗಿತ್ತರು.

ಆ್ಯಪ್ ಅಗ್ಗ: 1,299 ರೂಪಾಯಿಗೆ ಎಂಬತ್ತಕ್ಕೂ ಹೆಚ್ಚು ಪರೀಕ್ಷೆ. ಆರೂವರೆಗೆ ಬರಬೇಕಿದ್ದ ಹುಡುಗ ಬಂದದ್ದು ಎಂಟೂ ಮುಕ್ಕಾಲಿಗೆ. ಅಷ್ಟರಲ್ಲಿ ಹಸಿವಿಗೆ ತಲೆ ಸುತ್ತುತ್ತಿತ್ತು. ನರ ಸಿಗದೆ, ತೋಳಿಗೆ ಪಟ್ಟಿ ಬಿಗಿದು ಮುಷ್ಟಿ ಮುಚ್ಚಿಸಿ ತೆರೆಸಿ, ಎರಡು ಸಲ ಚುಚ್ಚಿದ. ಕೊಳವೆಗಳನ್ನು ಚೀಲಕ್ಕೆ ಹಾಕಿಕೊಂಡು ಏಪ್ರಿಲ್ ಬಿಸಿಲಲ್ಲಿ ಬೈಕ್ ಏರಿದ. ಇನ್ನೂ ಮೂರು ಮನೆ ಇವೆಯಂತೆ.

ಸಂಜೆ ಮೊಬೈಲಿಗೆ ವರದಿ ಬಂತು. ಪೊಟ್ಯಾಸಿಯಂ 6.2, ಕೆಂಪು ಅಕ್ಷರದಲ್ಲಿ. ಮಿತಿ 5.1. ಅಂತರ್ಜಾಲದಲ್ಲಿ ಹುಡುಕಿದರೆ ಹೃದಯ ನಿಲ್ಲುವ ಮಾತು. ಬಾಳೆಹಣ್ಣಿನಲ್ಲೂ ಪೊಟ್ಯಾಸಿಯಂ ಇದೆಯೆಂದು, ಮನೆಯಲ್ಲಿದ್ದ ಬಾಳೆಗೊನೆ ಆ ರಾತ್ರಿಯೇ ಪಕ್ಕದ ಮನೆಗೆ ಹೋಯಿತು. ಆ್ಯಪಿನ ಸಹಾಯವಾಣಿಗೆ ಕರೆ ಮಾಡಿದರೆ, "ವೈದ್ಯರನ್ನು ಕಾಣಿ ಸರ್" ಎಂಬ ಉತ್ತರ. ನಿದ್ದೆ ಎಲ್ಲಿಂದ ಬರಬೇಕು?

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಡಾಕ್ಟರ ಮೆಟ್ಟಿಲ ಮೇಲಿದ್ದೆ. ವರದಿ ನೋಡಿ ಅವರು ಕೇಳಿದ್ದು ಒಂದೇ: "ರಕ್ತ ತೆಗೆಯುವಾಗ ಮುಷ್ಟಿ ಮುಚ್ಚಿ ತೆರೆಯಲು ಹೇಳಿದರೇನು?" ಕೆಂಪು ರಕ್ತಕಣಗಳ ಒಳಗೆ ಪೊಟ್ಯಾಸಿಯಂ ತುಂಬಿರುತ್ತದಂತೆ. ಕಣ ಒಡೆದರೆ ಅದು ಕೊಳವೆಯೊಳಗೆ ಸೋರಿ ಅಂಕಿ ಸುಳ್ಳೇ ಏರುತ್ತದೆ. ಮುಷ್ಟಿ ಹಿಂಡಿದರೂ ಏರುತ್ತದೆ. ಆದರೂ ಇಸಿಜಿ ತೆಗೆದು, ಕೆಳಗಿನ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಡಿಸಿದರು. 4.4.

ಈ ವರ್ಷ ನೇರವಾಗಿ ಅವರಲ್ಲಿಗೇ ಹೋದೆ. ಚೀಟಿಯಲ್ಲಿ ಬರೆದದ್ದು ಏಳೇ ಪರೀಕ್ಷೆ. ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ 1,450, ಅವರಿಗೆ 300. ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, ಮನೆಗೆ ಬಂದು ದಿನದ ರಾಗಿ ರೊಟ್ಟಿಯನ್ನೇ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ಹೋಗಿ ಕೊಟ್ಟೆ. ಎಚ್‌ಬಿಎ1ಸಿ ಮತ್ತೆ 5.8. "ರಾತ್ರಿ ಊಟ ಎಷ್ಟು ಹೊತ್ತಿಗೆ?" ಎಂದು ಕೇಳಿದರು. ಹತ್ತೂವರೆ ಎಂದೆ. ಎಂಟಕ್ಕೆ ತನ್ನಿ ಎಂದರು. ಓಟ್ಸಿನ ಮಾತೇ ಇಲ್ಲ.

ಕೊರತೆ ಇಲ್ಲದಿಲ್ಲ. ಶನಿವಾರ ಟೋಕನ್ ಹಿಡಿದು ಒಂದು ಗಂಟೆ ಕಾಯಬೇಕು. ಅವರ ಕೈಬರಹ ಅವರಿಗೂ ಔಷಧಿ ಅಂಗಡಿಯವನಿಗೂ ಮಾತ್ರ ಗೊತ್ತು. ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ತಪಾಸಣೆಯ ಖರ್ಚನ್ನು 5,000 ರೂಪಾಯಿವರೆಗೆ ತೆರಿಗೆಯ ಲೆಕ್ಕದಲ್ಲಿ ಕಳೆದು ತೋರಿಸಬಹುದಾದ್ದರಿಂದ ನಾನಂತೂ ಬಿಡದೆ ಕೇಳುತ್ತೇನೆ. ಸ್ಕ್ಯಾನಿಂಗ್, ಟ್ರೆಡ್‌ಮಿಲ್ ಎಲ್ಲ ಒಂದೇ ಬೆಳಿಗ್ಗೆ ಮುಗಿಯಬೇಕೆನ್ನುವವರಿಗೆ ಆಸ್ಪತ್ರೆಯೇ ಸರಿ.

ಮುಂದಿನ ತಿಂಗಳು ಹೆಂಡತಿಯ ಸರದಿ. ಅವಳು ಆಗಲೇ ಆ್ಯಪಿನಲ್ಲಿ ರಿಯಾಯಿತಿ ಹುಡುಕುತ್ತಿದ್ದಾಳೆ.