ರೀಡ್‌ಪಿಎಸ್‌ಟಿ: ಪತ್ರಗಳೆಲ್ಲ ಸಿಕ್ಕವು, ವಿಳಾಸಗಳದ್ದೇ ತಕರಾರು

ಔಟ್‌ಲುಕ್ ಲೈಸೆನ್ಸ್ ಮುಗಿದ ಮೇಲೆ ಹಳೆಯ ಪಿಎಸ್‌ಟಿ ಫೈಲುಗಳನ್ನು (ಔಟ್‌ಲುಕ್ ಮೇಲ್‌ಗಳನ್ನು ಕೂಡಿಡುವ ಫೈಲುಗಳು) ತೆರೆಯಲು ನಾನು ಮೊದಲು ಹಾಕಿಕೊಂಡಿದ್ದು ಒಂದು ರಿಕವರಿ ಸಾಫ್ಟ್‌ವೇರ್. ಮೇಲ್‌ಗಳ ಪಟ್ಟಿಯನ್ನೆಲ್ಲ ತೋರಿಸಿ ಆಸೆ ಹುಟ್ಟಿಸಿತು. ಸೇವ್ ಮಾಡಲು ಹೋದರೆ ಫೋಲ್ಡರಿಗೆ ಬೆರಳೆಣಿಕೆಯಷ್ಟೇ. ಮಿಕ್ಕಿದ್ದಕ್ಕೆ ವಾರ್ಷಿಕ ಚಂದಾ. ನನ್ನದೇ ಪತ್ರ ಓದಲು ನಾನೇಕೆ ದುಡ್ಡು ಕಟ್ಟಬೇಕು?

ಆಮೇಲೆ ಹಿಡಿದಿದ್ದು ಲಿಬ್‌ಪಿಎಸ್‌ಟಿ ಎಂಬ ತಂತ್ರಾಂಶದ ಜೊತೆ ಬರುವ ರೀಡ್‌ಪಿಎಸ್‌ಟಿ, ಪಿಎಸ್‌ಟಿಯೊಳಗಿನ ಮೇಲ್‌ಗಳನ್ನು ಹೊರತೆಗೆಯುವ ಪ್ರೋಗ್ರಾಂ. ಉಚಿತ, ಓಪನ್ ಸೋರ್ಸ್, ಎಲ್ಲವೂ ಟರ್ಮಿನಲ್‌ನಲ್ಲೇ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲೇ. ಒಂದು ಫೈಲಿನ ಪಾಸ್‌ವರ್ಡ್ ನನಗೆ ಮರೆತೇ ಹೋಗಿತ್ತು. ಇದು ಅದನ್ನು ಕೇಳಲೇ ಇಲ್ಲ! ಪಿಎಸ್‌ಟಿಯ ಪಾಸ್‌ವರ್ಡ್ ಒಳಗಿನ ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡುವುದಿಲ್ಲ, ಅದನ್ನು ಪರಿಶೀಲಿಸುವುದು ತೆರೆಯುವ ಪ್ರೋಗ್ರಾಂಗೆ ಬಿಟ್ಟ ವಿಷಯ. ಕ್ಯಾಪಿಟಲ್ 'ಡಿ' ಆಯ್ಕೆ ಹಾಕಿದಾಗ ಅಳಿಸಿದ್ದ ಕೆಲವು ಮೇಲ್‌ಗಳೂ ಎದ್ದು ಬಂದವು. (ಸಣ್ಣ 'ಡಿ' ಬೇರೆ, ಅದು ದೋಷ ಹುಡುಕಲು ನೆರವಾಗುವ ಡೀಬಗ್ ಲಾಗ್ ಬರೆಯಲು.)

ಈಗ ರಜೆಯ ದಿನ ಬಿಡುವಾದಾಗ ಒಂದೊಂದೇ ಫೈಲನ್ನು ಕೈಗೆತ್ತಿಕೊಳ್ಳುತ್ತೇನೆ. ಮೊದಲು ಒಂದು ನಕಲು, ಮೂಲಕ್ಕೆ ರೀಡ್-ಓನ್ಲಿ. ಎಂಬಾಕ್ಸ್ (ಹಲವು ಮೇಲ್ ಪ್ರೋಗ್ರಾಂಗಳು ಓದಬಲ್ಲ ಫೈಲ್ ರೂಪ) ಆಗಿ ಹೊರಬಂದ ಫೋಲ್ಡರುಗಳನ್ನು ಇಂಪೋರ್ಟ್‌ಎಕ್ಸ್‌ಪೋರ್ಟ್‌ಟೂಲ್ಸ್ ಎನ್‌ಜಿ ಆಡ್-ಆನ್ ಮೂಲಕ ಥಂಡರ್‌ಬರ್ಡ್ ಎಂಬ ಉಚಿತ ಮೇಲ್ ಪ್ರೋಗ್ರಾಂಗೆ ಸೇರಿಸಿ, ದಿನಾಂಕದ ಪ್ರಕಾರ ಜೋಡಿಸಿ, ಎಲ್ಲಕ್ಕಿಂತ ಹಳೆಯ ಮೇಲ್, ಎಲ್ಲಕ್ಕಿಂತ ಹೊಸದು, ಒಂದು ದೊಡ್ಡ ಅಟ್ಯಾಚ್‌ಮೆಂಟ್ ತೆರೆದು ನೋಡುತ್ತೇನೆ. ಹಳೆಯ ಫೋಟೊ ಪೂರ್ತಿ ತೆರೆದುಕೊಂಡಾಗ ಆಗುವ ಖುಷಿಗೆ ಇಷ್ಟು ಹೊತ್ತು ಕೂತದ್ದೂ ಲೆಕ್ಕಕ್ಕಿಲ್ಲ.

ಆದರೆ ಬಳಸುತ್ತ ಹೋದಂತೆ ಒಂದು ಕೊರತೆ ಕಾಡತೊಡಗಿತು. ಆಫೀಸಿನ ಎಕ್ಸ್‌ಚೇಂಜ್ (ಮೈಕ್ರೊಸಾಫ್ಟ್‌ನ ಮೇಲ್ ವ್ಯವಸ್ಥೆ) ಸರ್ವರ್ ಒಳಗೇ ಓಡಾಡಿದ ಮೇಲ್‌ಗಳಲ್ಲಿ ಇಮೇಲ್ ವಿಳಾಸ ಇರಬೇಕಾದ ಕಡೆ ಸ್ಲ್ಯಾಷ್‌ಗಳಿಂದ ತುಂಬಿದ ಉದ್ದನೆಯ ಸರ್ವರ್ ವಿಳಾಸ ಕೂತಿದೆ. ವಿಳಾಸ ಹಾಕಿ ಹುಡುಕಿದರೆ ಸಿಗುವುದಿಲ್ಲ, ಉತ್ತರ ಬರೆಯಲೂ ಬರುವುದಿಲ್ಲ. ಹಳೆಯ ಸಹೋದ್ಯೋಗಿಗಳ ವಿಳಾಸಕ್ಕಾಗಿಯೇ ಇಷ್ಟೆಲ್ಲ ಮಾಡಿದವಳಿಗೆ ನಿಜಕ್ಕೂ ಬೇಸರವಾಯಿತು. ಹೊರಗಿನಿಂದ ಬಂದ ಮೇಲ್‌ಗಳ ಹೆಡರ್ (ಕಳಿಸಿದವರು, ಪಡೆದವರ ವಿವರ) ಮಾತ್ರ ಸರಿಯಾಗಿಯೇ ಉಳಿದಿದೆ.

ಹಾಗಾಗಿ ಹೆಸರು ಹಾಕಿ ಹುಡುಕುವುದನ್ನು ರೂಢಿ ಮಾಡಿಕೊಂಡಿದ್ದೇನೆ. ವಿಳಾಸಗಳೇ ಮುಖ್ಯ ಎನ್ನುವವರು ಲೈಸೆನ್ಸ್ ಇರುವಾಗಲೇ ಕಾಂಟ್ಯಾಕ್ಟುಗಳನ್ನು ಸಿಎಸ್‌ವಿಗೆ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಾದಾ ಪಟ್ಟಿ) ಇಳಿಸಿ, ಇಮೇಲ್ ಕಾಲಂನಲ್ಲಿ ನಿಜವಾದ ವಿಳಾಸವೇ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಪತ್ರಗಳು ಸಾಕು ಎನ್ನುವವರಿಗೆ ರೀಡ್‌ಪಿಎಸ್‌ಟಿಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ.