ಪ್ರಷ್ಯದ 1889ರ ಅಶ್ವದಳ ಕತ್ತಿ: ಗುರುತು ಓದಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ

ಜರ್ಮನ್ ಸೇನೆಯ ಹಳೆ ಕತ್ತಿಗಳ ಗುರುತು ಓದಲು ಕಲಿಯುವ ಆಸೆಯಿದ್ದರೆ ಥಳಕಿನ ಅಧಿಕಾರಿ ಕತ್ತಿಯ ಹಿಂದೆ ಬೀಳಬೇಡಿ. ಅಧಿಕಾರಿಗಳು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದ ಆ ಕತ್ತಿಗಳಲ್ಲಿ ಸಾಮಾನ್ಯವಾಗಿ ತಯಾರಕರ ಗುರುತು ಬಿಟ್ಟರೆ ಓದಲು ಹೆಚ್ಚೇನೂ ಇರದು. ಜರ್ಮನಿಯ ದೊಡ್ಡ ರಾಜ್ಯವಾಗಿದ್ದ ಪ್ರಷ್ಯದಲ್ಲಿ ಸಾಮಾನ್ಯ ಸವಾರನ ಕೈಲಿದ್ದ 1889ರ ಮಾದರಿ ನೋಡಲು ಸಾದಾ: ನೆಟ್ಟನೆಯ ಅಲಗು, ಉಕ್ಕಿನ ಕೈಗಾವಲಿನಲ್ಲಿ ಕೊರೆದ ಹದ್ದು. ಆದರೆ ಅದರ ಜಾತಕವೆಲ್ಲ ಮೈಮೇಲೇ ಇದೆ.

ಮೊದಲು ಅಲಗಿನ ಬೆನ್ನು, ಹಿಡಿಗೆ ತಾಗಿದ ಭಾಗ. ಕಿರೀಟ, ಕೆಳಗೆ ರಾಜನ ಹೆಸರಿನ ಮೊದಲಕ್ಷರ ಡಬ್ಲ್ಯು, ಅದರ ಕೆಳಗೆ 91 ಇದ್ದರೆ 1891ರಲ್ಲಿ ಸೇನೆ ಒಪ್ಪಿಕೊಂಡ ಅಲಗು. ಹತ್ತಿರದಲ್ಲೇ ಕಿರೀಟ ಹೊತ್ತ ಫ್ರಾಕ್ಟುರ್ (ಹಳೆ ಜರ್ಮನ್ ಲಿಪಿ ಶೈಲಿ) ಅಕ್ಷರ ತಪಾಸಣೆದಾರನದು. ಅದನ್ನೂ ರಾಜನ ತಲೆಗೆ ಕಟ್ಟುವವರೇ ಜಾಸ್ತಿ. ಬರೀ ಡಬ್ಲ್ಯು ನಂಬಿ ಕೂರಬೇಡಿ. ಪ್ರಷ್ಯದಲ್ಲಿ 1888ರ ಮಾರ್ಚ್‌ವರೆಗೆ ರಾಜನಾಗಿದ್ದ ಒಂದನೇ ವಿಲ್ಹೆಲ್ಮ್, ಅದೇ ಜೂನ್‌ನಲ್ಲಿ ಬಂದ ಎರಡನೇ ವಿಲ್ಹೆಲ್ಮ್, 1891ರಲ್ಲಿ ಇನ್ನೊಂದು ಜರ್ಮನ್ ರಾಜ್ಯ ವ್ಯುರ್ಟೆಂಬರ್ಗ್‌ನಲ್ಲಿ ಪಟ್ಟವೇರಿದ ಇನ್ನೊಬ್ಬ ವಿಲ್ಹೆಲ್ಮ್: ಮೂವರದ್ದೂ ಅದೇ ಅಕ್ಷರ. ಇಸವಿಯನ್ನೂ ಕೈಗಾವಲಿನ ಲಾಂಛನವನ್ನೂ ಜೋಡಿಸಿದರೇ ಯಾರೆಂದು ತಿಳಿಯುವುದು. ಮತ್ತೊಂದು ಜರ್ಮನ್ ರಾಜ್ಯ ಸ್ಯಾಕ್ಸನಿಯಲ್ಲಿ ಈ ತಲೆನೋವಿಲ್ಲ: 1902ರವರೆಗೆ ಆಲ್ಬರ್ಟನ ಎಆರ್, 1904ರಿಂದ ಫ್ರೀಡ್ರಿಖ್ ಆಗಸ್ಟನ ಎಫ್‌ಎ.

ಅಸಲಿ ರುಚಿ ಇರುವುದು ಕಾವಲಿನ ಮೇಲಿನ ದಳದ ಅಚ್ಚಿನಲ್ಲಿ. 12. ಎಚ್. 3. 45 ಎಂದರೆ 12ನೇ ಹುಸಾರ್ ರೆಜಿಮೆಂಟ್, 3ನೇ ಸ್ಕ್ವಾಡ್ರನ್, 45ನೇ ಆಯುಧ. ಹುಸಾರ್ ಒಂದು ಬಗೆಯ ಅಶ್ವದಳ. ಉಳಿದ ಬಗೆಗಳಲ್ಲಿ ಡಿ ಡ್ರಾಗೂನ್, ಯು ಉಲಾನ್, ಕೆ ಕ್ಯುರಾಸಿಯರ್, ಅಕ್ಷರದ ಮುಂದೆ ಜಿ ಇದ್ದರೆ ರಾಜನ ಗಾರ್ಡ್ ದಳ. ಒಂದು ರೆಜಿಮೆಂಟಿಗೆ ಐದೇ ಸ್ಕ್ವಾಡ್ರನ್, ಒಂದೊಂದರಲ್ಲೂ ಸುಮಾರು 150 ಸವಾರರು. ಮೂರನೇ ಜಾಗದಲ್ಲಿ 8, ಕೊನೆಯಲ್ಲಿ 480 ಕಂಡರೆ ಹುಬ್ಬೇರಿಸಿ. 18, 19, 20ನೇ ಹುಸಾರ್‌ಗಳು ಸ್ಯಾಕ್ಸನಿಯವರು. 25, 26ನೇ ಡ್ರಾಗೂನ್‌ಗಳು ವ್ಯುರ್ಟೆಂಬರ್ಗ್‌ನವರು. ಅಂಥ ಅಚ್ಚಿನ ಪಕ್ಕದಲ್ಲೇ ಪ್ರಷ್ಯದ ಹದ್ದು ಕೂತಿದ್ದರೆ ಮಾರುವವನಿಂದ ವಿವರಣೆ ಕೇಳಿ. ಹಳೆ ಅಚ್ಚಿಗೆ ಗೀಟು ಹಾಕಿ ಪಕ್ಕದಲ್ಲಿ ಹೊಸದು ಹೊಡೆದಿದ್ದರೆ ಮಾತ್ರ ಗಾಬರಿ ಬೇಡ, ಆಯುಧ ಬೇರೆ ದಳಕ್ಕೆ ಹೋಗಿದೆ, ಅಷ್ಟೇ.

ತಯಾರಕರ ಗುರುತನ್ನೂ ಇಸವಿಗೆ ತಾಳೆ ಹಾಕಿ. ರಾಜನ ತಲೆ, ಶಿರಸ್ತ್ರಾಣದ ತಲೆ ಜೊತೆಜೊತೆಗಿದ್ದರೆ ಜರ್ಮನಿಯ ಕತ್ತಿ ತಯಾರಿಕೆಯ ಊರು ಸೋಲಿಂಗೆನ್‌ನ ವೆಯರ್ಸ್‌ಬರ್ಗ್, ಕಿರ್ಶ್‌ಬೌಮ್ ಕಂಪನಿ. ಆ ಎರಡು ಮನೆಗಳು ಒಂದಾದದ್ದೇ 1883ರಲ್ಲಿ. ಬೆನ್ನಿನಲ್ಲಿ 71 ಇರುವ ಅಲಗಿನ ಮೇಲೆ ಈ ಜೋಡಿ ಕಂಡರೆ ಯಾರೋ ಆಟ ಕಟ್ಟಿದ್ದಾರೆ.

ಪರೀಕ್ಷೆಗೆ 10 ಪಟ್ಟಿನ ಭೂತಗನ್ನಡಿ, ಒಂದು ಟಾರ್ಚ್ ಸಾಕು. ಬೆಳಕನ್ನು ಎದುರಿನಿಂದಲ್ಲ, ಪಕ್ಕದಿಂದ ಬೀಳಿಸಿ. ಸುತ್ತಿಗೆಯಲ್ಲಿ ಹೊಡೆದ ಅಚ್ಚಿನ ಅಂಚಿನಲ್ಲಿ ಲೋಹ ಉಬ್ಬಿರುತ್ತದೆ, ತಳದಲ್ಲಿ ಸುತ್ತಲಿನಷ್ಟೇ ಹಳೆ ಕಪ್ಪು ಕೂತಿರುತ್ತದೆ. ಉಬ್ಬೇ ಇಲ್ಲದೆ ತಳ ಹೊಳೆದರೆ ಅನುಮಾನಪಡಿ. ಪಾಲಿಶ್ ಚಕ್ರಕ್ಕೆ ಕೊಟ್ಟ ಕತ್ತಿಯಲ್ಲಿ ಉಬ್ಬು ಸವೆದು, ತಪಾಸಣೆದಾರನ ತೆಳು ಗೆರೆಗಳು ಮೊದಲು ಮಾಯವಾಗುತ್ತವೆ. ಅಲ್ಲಿ ಅಸಲಿ ನಕಲಿ ಎರಡೂ ಒಂದೇ ಥರ ಕಾಣುತ್ತವೆ. ತುಕ್ಕಿಗೆ ತಂತಿ ಬ್ರಶ್ ಬೇಡ, ಎಣ್ಣೆ ಮತ್ತು ಬಟ್ಟೆ ಸಾಕು.

ಈ ಮಾದರಿಯ ಕೊರತೆ ಒಂದೇ. ಸವಾರರೇ ಖರ್ಚು ಹಾಕಿ ಮಾಡಿಸಿಕೊಂಡ, ನಿಕಲ್ ಲೇಪದ, ಅಚ್ಚೇ ಇಲ್ಲದ ಪ್ರತಿಗಳೂ ಇದೇ ಹೆಸರಲ್ಲಿ ಮಾರಾಟಕ್ಕೆ ಬರುತ್ತವೆ. ನಕಲಿಯಲ್ಲ, ಆದರೆ ಕಲಿಯಲು ಏನೂ ಉಳಿಯದು. ಒರೆಯ ಸಂಖ್ಯೆ ಕಾವಲಿನದಕ್ಕೆ ಹೊಂದದಿರುವುದು ಇದಕ್ಕಿಂತ ಚಿಕ್ಕ ದೋಷ. ಬಿಡಬೇಕಿಲ್ಲ, ಬೆಲೆ ಇಳಿಸಿ ಕೇಳಿ.